ಮೋವರ್‌ನ ಬ್ಯಾಟರಿ ಪದೇ ಪದೇ ಇಳಿಯುತ್ತಿದೆಯೇ? ಹೊಸದನ್ನು ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ಒಂದೇ ಹಂಗಾಮಿನಲ್ಲಿ ಎರಡು ಹೊಸ ಬ್ಯಾಟರಿ ಹಾಕಿದ ಮೇಲೆ ನನ್ನ ಮೋವರ್‌ನ, ಅಂದರೆ ಹುಲ್ಲು ಕೊಯ್ಯುವ ಯಂತ್ರದ, ನಿಜವಾದ ರೋಗ ಸಿಕ್ಕಿತು. ಎಂಜಿನ್‌ಗೆ ರೆಗ್ಯುಲೇಟರನ್ನು (ಬ್ಯಾಟರಿಗೆ ಹೋಗುವ ಚಾರ್ಜನ್ನು ನಿಯಂತ್ರಿಸುವ ಪೆಟ್ಟಿಗೆಯನ್ನು) ಬಿಗಿದಿದ್ದ ಎರಡು ಬೋಲ್ಟುಗಳ ಕೆಳಗೆ ತುಕ್ಕು ಹಿಡಿದಿತ್ತು. ಅಷ್ಟೇ. ಉಪ್ಪು ಕಾಗದದಿಂದ ಆ ಜಾಗವನ್ನು ಉಜ್ಜಿ, ಬೋಲ್ಟುಗಳನ್ನು ಮತ್ತೆ ಬಿಗಿದ ದಿನದಿಂದ ಆ ಎರಡನೆಯ ಬ್ಯಾಟರಿ ತಕರಾರಿಲ್ಲದೆ ಕೆಲಸ ಮಾಡುತ್ತಿದೆ. ಮೊದಲನೆಯದನ್ನು ಸುಮ್ಮನೆ ಎಸೆದಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಚಾರ್ಜಿಂಗ್ ವ್ಯವಸ್ಥೆಗೆ ಬಂದ ರೋಗಕ್ಕೆ ಬ್ಯಾಟರಿಯನ್ನು ಬದಲಾಯಿಸುವುದು ಬಹಳ ಸಾಮಾನ್ಯ. ಆ ಖರ್ಚು ನಿಮಗೆ ಬೇಡ ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುತ್ತಿರುವುದು ಪೆಟ್ರೋಲ್ ಎಂಜಿನ್ ಇರುವ, ಮೇಲೆ ಕುಳಿತು ಓಡಿಸುವ ಹುಲ್ಲು ಕೊಯ್ಯುವ ಯಂತ್ರದ ಬಗ್ಗೆ. ಅದರಲ್ಲಿ 12 ವೋಲ್ಟ್‌ನ ಸಣ್ಣ ಸೀಸ-ಆಮ್ಲದ ಬ್ಯಾಟರಿ ಇರುತ್ತದೆ. ಎಂಜಿನ್ನನ್ನು ತಿರುಗಿಸಿ ಎಬ್ಬಿಸುವುದೇ ಅದರ ಮುಖ್ಯ ಕೆಲಸ. ಲಿಥಿಯಂ ಬ್ಯಾಟರಿಯಿಂದಲೇ ಓಡುವ ವಿದ್ಯುತ್ ಮೋವರ್‌ಗಳ ಲೆಕ್ಕಾಚಾರವೇ ಬೇರೆ.

ಮನೆಯ ನೀರಿನ ತೊಟ್ಟಿ ದಿನಾ ಬೆಳಗ್ಗೆ ಖಾಲಿಯಾಗಿರುತ್ತದೆ ಎಂದುಕೊಳ್ಳಿ. ತೊಟ್ಟಿಯೇ ಬಿರುಕು ಬಿಟ್ಟಿರಬಹುದು, ತುಂಬಿಸುವ ನಲ್ಲಿಯಲ್ಲಿ ನೀರು ಬರದೆ ಇರಬಹುದು, ಎಲ್ಲೋ ಸೋರಿಕೆ ಇರಬಹುದು, ಇಲ್ಲವೇ ಯಾರೋ ಬೇಕಾದದ್ದಕ್ಕಿಂತ ಹೆಚ್ಚು ನೀರು ಎಳೆಯುತ್ತಿರಬಹುದು. ಬ್ಯಾಟರಿಗೂ ಇವೇ ನಾಲ್ಕು ಕಾರಣಗಳು. ನಾಲ್ಕರಲ್ಲಿ ಯಾವುದು ಎಂದು ತಿಳಿಯುವುದೇ ಇಡೀ ಕೆಲಸ. ತಿಳಿದ ಮೇಲೆ ದುರಸ್ತಿ ಬಹುತೇಕ ಸುಲಭ.

ಮೊದಲು ಒಂದು ರಾತ್ರಿಯ ಪರೀಕ್ಷೆ

ಯಾವ ಉಪಕರಣವನ್ನೂ ಕೈಗೆತ್ತಿಕೊಳ್ಳುವ ಮೊದಲು, ಬ್ಯಾಟರಿ ಯಾವಾಗ ಇಳಿಯುತ್ತದೆ ಎಂದು ನೆನಪಿಸಿಕೊಳ್ಳಿ. ಬೆಳಗ್ಗೆ ಚೆನ್ನಾಗಿಯೇ ಸ್ಟಾರ್ಟ್ ಆಗಿ, ಒಂದು ಗಂಟೆ ಹುಲ್ಲು ಕೊಯ್ದು, ನೀರು ಕುಡಿಯಲೆಂದು ನಿಲ್ಲಿಸಿ ಬಂದರೆ ಮತ್ತೆ ಹೊತ್ತಿಕೊಳ್ಳುವುದಿಲ್ಲವೇ? ಹಾಗಿದ್ದರೆ ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಹೋಗುತ್ತಿಲ್ಲ. ಕೆಲಸವೆಲ್ಲ ಸರಿಯಾಗಿ ನಡೆದು, ಒಂದು ವಾರ ನಿಲ್ಲಿಸಿಟ್ಟ ಮೇಲೆ ಮಾತ್ರ ಬ್ಯಾಟರಿ ಸತ್ತಿರುತ್ತದೆಯೇ? ಆಗ ಸೋರಿಕೆಯ ಮೇಲೆ, ಇಲ್ಲವೇ ಬ್ಯಾಟರಿಯ ಮೇಲೆಯೇ ಅನುಮಾನ ಪಡಬೇಕು.

ಈ ಎರಡನ್ನು ಬೇರ್ಪಡಿಸುವ ಸರಳ ದಾರಿ ಇದು. ಬ್ಯಾಟರಿಯನ್ನು ಚಾರ್ಜರ್‌ಗೆ ಹಾಕಿ ಪೂರ್ತಿ ತುಂಬಿಸಿ. ಬಳಿಕ ಮೋವರ್‌ನಿಂದ ಹೊರಗೆ ತೆಗೆದು, ಯಾವ ವೈರನ್ನೂ ಜೋಡಿಸದೆ, ಒಂದು ರಾತ್ರಿ ಪಕ್ಕದಲ್ಲಿಡಿ. ಮರುದಿನ ಅಳೆದಾಗ ಅದು ತಾನಾಗಿಯೇ ಇಳಿದಿದ್ದರೆ ತೊಟ್ಟಿಗೇ ಬಿರುಕು ಬಿದ್ದಿದೆ. ಮುಂದಿನ ಹುಡುಕಾಟ ಬೇಕಿಲ್ಲ. ಹೊರಗೆ ಇಟ್ಟಾಗ ಗಟ್ಟಿಯಾಗಿ ನಿಂತು, ಮೋವರ್‌ಗೆ ಜೋಡಿಸಿಟ್ಟಾಗ ಮಾತ್ರ ಇಳಿದರೆ ಕಳ್ಳ ಮೋವರ್‌ನ ಒಳಗಿದ್ದಾನೆ. ಅರ್ಧಕ್ಕರ್ಧ ಗೊಂದಲ ಈ ಒಂದು ಪರೀಕ್ಷೆಯಲ್ಲೇ ಕಳೆಯುತ್ತದೆ. ಆದರೂ ಯಾರೂ ಇದನ್ನು ಮಾಡುವುದಿಲ್ಲ, ಏಕೆಂದರೆ ಒಂದು ರಾತ್ರಿ ಕಾಯಬೇಕು.

ಕೈಯಲ್ಲಿ ಇರಬೇಕಾದವು ಮತ್ತು ಎಚ್ಚರಿಕೆ

ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕೇ ಬೇಕು. ಕಡಿಮೆ ಬೆಲೆಯದೂ ಸಾಕು, ಆದರೆ ಅದರಲ್ಲಿ 10 ಆಂಪಿಯರ್‌ವರೆಗೆ ಅಳೆಯುವ ಸೌಲಭ್ಯ ಇರಲಿ. ಜೊತೆಗೆ ಸ್ಪ್ಯಾನರ್‌ಗಳು, ವೈರ್ ಬ್ರಷ್, ಉಪ್ಪು ಕಾಗದ, ಅಡುಗೆ ಸೋಡಾ, ಸಣ್ಣ ಬ್ಯಾಟರಿಗಳಿಗೆ ಹೊಂದುವ ಚಾರ್ಜರ್, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ.

ಕನ್ನಡಕವನ್ನು ಔಪಚಾರಿಕತೆಗಾಗಿ ಹೇಳುತ್ತಿಲ್ಲ. ಚಾರ್ಜ್ ಆಗುವಾಗ ಸೀಸ-ಆಮ್ಲದ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಒಂದು ಸಣ್ಣ ಕಿಡಿ ತಗಲಿದರೂ ಡಬ್ಬಿ ಸಿಡಿದು ಗಂಧಕಾಮ್ಲ ಮುಖಕ್ಕೆ ಎರಚಬಹುದು. ಬ್ಯಾಟರಿಯ ಬಳಿ ಬೆಂಕಿ, ಸಿಗರೇಟು ಬೇಡ. ಕೈಯಲ್ಲಿರುವ ಉಂಗುರ, ಲೋಹದ ಬಳೆ ಅಥವಾ ಕೈಗಡಿಯಾರವನ್ನು ತೆಗೆದಿಡಿ. ಎರಡು ಟರ್ಮಿನಲ್‌ಗಳ ನಡುವೆ ಉಂಗುರ ಸಿಕ್ಕಿಕೊಂಡರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಕಳಚುವಾಗ ಮೊದಲು ನೆಗೆಟಿವ್ ಕೇಬಲ್, ಜೋಡಿಸುವಾಗ ನೆಗೆಟಿವ್ ಕೊನೆಗೆ. ಇದಕ್ಕೆ ಕಾರಣವಿದೆ: ಮೋವರ್‌ನ ಇಡೀ ಚಾಸಿ ನೆಗೆಟಿವ್‌ಗೆ ಜೋಡಣೆಯಾಗಿರುತ್ತದೆ. ನೆಗೆಟಿವ್ ಇನ್ನೂ ಇರುವಾಗ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಚಾಸಿಗೆ ತಾಗಿದರೆ ನೇರ ಶಾರ್ಟ್ ಆಗುತ್ತದೆ. ಹೊಟ್ಟೆ ಉಬ್ಬಿದ, ಬಿರುಕು ಬಿಟ್ಟ ಅಥವಾ ಹೆಪ್ಪುಗಟ್ಟಿದ ಬ್ಯಾಟರಿಯನ್ನು ಯಾವ ಕಾರಣಕ್ಕೂ ಚಾರ್ಜ್‌ಗೆ ಹಾಕಬೇಡಿ.

ಟರ್ಮಿನಲ್ ಮತ್ತು ಕೇಬಲ್: ಕಣ್ಣಿಗೆ ಕಾಣುವುದರಿಂದ ಆರಂಭಿಸಿ

ಟರ್ಮಿನಲ್‌ಗಳ ಮೇಲೆ ಬಿಳಿ ಅಥವಾ ಹಸಿರು-ನೀಲಿ ಪುಡಿ ಕಟ್ಟಿದ್ದರೆ ಅದು ವಿದ್ಯುತ್ತಿನ ದಾರಿಗೆ ಅಡ್ಡ ಬರುತ್ತದೆ. ಬ್ಯಾಟರಿಯಿಂದ ಹೊರಹೋಗುವ ಕರೆಂಟಿಗೆ ಅಡ್ಡ ಬಂದಂತೆಯೇ ಒಳಗೆ ಬರುವ ಚಾರ್ಜ್‌ಗೂ ಅಡ್ಡ ಬರುತ್ತದೆ. ಕೇಬಲ್ ಬಿಚ್ಚಿ, ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆಯಿರಿ. ನೊರೆ ಬರುವುದು ನಿಂತರೆ ಆಮ್ಲ ಶಮನವಾಗಿದೆ ಎಂದರ್ಥ. ಆ ನೀರು ಬ್ಯಾಟರಿಯ ಒಳಕ್ಕೆ ಇಳಿಯದಂತೆ ಮುಚ್ಚಳಗಳು ಬಿಗಿಯಾಗಿರಲಿ. ಒಣಗಿದ ಮೇಲೆ ವೈರ್ ಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಜೋಡಿಸಿ, ಮೇಲಿನಿಂದ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ.

ನೆಗೆಟಿವ್ ಕೇಬಲ್‌ನ ಇನ್ನೊಂದು ತುದಿಯನ್ನು ಮರೆಯಬೇಡಿ. ಅದು ಚಾಸಿಗೋ ಎಂಜಿನ್‌ಗೋ ಬಿಗಿದಿರುತ್ತದೆ. ಹಸಿ ಹುಲ್ಲು, ನೀರು, ಬಣ್ಣ ಎಲ್ಲ ಸೇರಿ ತುಕ್ಕು ಹಿಡಿಯುವುದು ಅಲ್ಲಿಯೇ. ಕೇಬಲ್‌ನ ತುದಿಯ ಹೊದಿಕೆಯನ್ನು ಸ್ವಲ್ಪ ಸರಿಸಿ ನೋಡಿ. ಒಳಗಿನ ತಾಮ್ರದ ಎಳೆಗಳು ಕಪ್ಪಾಗಿದ್ದರೆ ಹೊರಗಿನಿಂದ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ, ಕೇಬಲ್ಲನ್ನೇ ಬದಲಾಯಿಸಬೇಕು.

ಬ್ಯಾಟರಿಯನ್ನು ಹಿಡಿದಿಡುವ ಪಟ್ಟಿ ಅಥವಾ ಕೊಂಡಿ ಇದೆಯೇ? ಇದನ್ನು ಸಣ್ಣ ವಿಷಯ ಎಂದು ಬಿಟ್ಟುಬಿಡಬೇಡಿ. ಮೋವರ್ ಕಾರಿನಂತಲ್ಲ, ಅದರ ಚಾಸಿಗೆ ಸ್ಪ್ರಿಂಗ್ ಇರುವುದಿಲ್ಲ; ಎಂಜಿನ್‌ನ ಮತ್ತು ಬ್ಲೇಡಿನ ನಡುಕವೆಲ್ಲ ನೇರವಾಗಿ ಬ್ಯಾಟರಿಗೆ ಮುಟ್ಟುತ್ತದೆ. ಸಡಿಲವಾಗಿ ಕುಳಿತ ಬ್ಯಾಟರಿಯೊಳಗಿನ ಸೀಸದ ಫಲಕಗಳಿಂದ ಲೇಪ ಉದುರಿ ತಳದಲ್ಲಿ ಶೇಖರವಾಗುತ್ತದೆ. ಅದು ಫಲಕಗಳ ಬುಡ ಮುಟ್ಟುವಷ್ಟು ಏರಿದ ದಿನ ಆ ಕೋಶ ಒಳಗೊಳಗೇ ಶಾರ್ಟ್ ಆಗಿ ಸಾಯುತ್ತದೆ. ಮೋವರ್ ಬ್ಯಾಟರಿಗಳು ಬೇಗ ಹಾಳಾಗುವುದಕ್ಕೆ ಈ ಅಲುಗಾಟ ದೊಡ್ಡ ಕಾರಣ. ಬ್ಲೇಡು ಒಂದು ಕಡೆ ಸವೆದು ತೂಕ ತಪ್ಪಿದ್ದರೆ ನಡುಕ ಇನ್ನೂ ಹೆಚ್ಚುತ್ತದೆ.

ಬ್ಯಾಟರಿಯ ಆರೋಗ್ಯ

ಚಾರ್ಜ್ ಮಾಡಿದ ತಕ್ಷಣ ಅಳೆಯಬೇಡಿ. ಆಗ ಮೀಟರ್ ತೋರಿಸುವುದು ಫಲಕಗಳ ಮೇಲ್ಮೈಯಲ್ಲಿ ನಿಂತ ಚಾರ್ಜನ್ನು ಮಾತ್ರ, ಸಂಖ್ಯೆ ಹುಸಿ ಧೈರ್ಯ ಕೊಡುತ್ತದೆ. ಕೆಲವು ಗಂಟೆ ಬಿಟ್ಟು, ಮೀಟರನ್ನು ಡಿ.ಸಿ. ವೋಲ್ಟ್‌ಗೆ ಇಟ್ಟು, ಕೆಂಪು ಕಡ್ಡಿಯನ್ನು ಪಾಸಿಟಿವ್‌ಗೆ, ಕಪ್ಪು ಕಡ್ಡಿಯನ್ನು ನೆಗೆಟಿವ್‌ಗೆ ಹಿಡಿಯಿರಿ. 12.6 ಅಥವಾ 12.7 ವೋಲ್ಟ್ ಬಂದರೆ ಪೂರ್ತಿ ತುಂಬಿದೆ. 12.4 ಎಂದರೆ ಸುಮಾರು ಮುಕ್ಕಾಲು ಪಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ. 11.9ಕ್ಕಿಂತ ಕೆಳಗೆ ಬಂದರೆ ಬರಿದಾಗಿದೆ ಎಂದೇ ತಿಳಿಯಿರಿ. ನೋಡಲು ಮುಕ್ಕಾಲು ವೋಲ್ಟಿನಷ್ಟು ವ್ಯತ್ಯಾಸ, ಆದರೆ ತುಂಬಿದ ಬ್ಯಾಟರಿಗೂ ಸತ್ತ ಬ್ಯಾಟರಿಗೂ ನಡುವಿನ ಅಂತರ ಅಷ್ಟೇ. ‘ಹನ್ನೆರಡು ವೋಲ್ಟ್ ಇದೆಯಲ್ಲ, ಬ್ಯಾಟರಿ ಸರಿಯಾಗಿದೆ’ ಎನ್ನುವವರು ಇಲ್ಲಿಯೇ ಎಡವುತ್ತಾರೆ.

ಒಳಗೆ ಆರು ಕೋಶಗಳಿವೆ, ಒಂದೊಂದೂ ಸುಮಾರು 2.1 ವೋಲ್ಟ್. ಎಷ್ಟು ಹೊತ್ತು ಚಾರ್ಜ್ ಮಾಡಿದರೂ 10.5 ವೋಲ್ಟ್‌ನ ಸುತ್ತಲೇ ನಿಂತುಬಿಟ್ಟರೆ ಒಂದು ಕೋಶ ಸತ್ತಿದೆ, ಅದಕ್ಕೆ ಮದ್ದಿಲ್ಲ.

ಮುಂದೆ ಭಾರದ ಪರೀಕ್ಷೆ. ತುಂಬಿದ ಬ್ಯಾಟರಿಯನ್ನು ಮೋವರ್‌ಗೆ ಜೋಡಿಸಿ, ಮೀಟರ್ ಕಡ್ಡಿಗಳನ್ನು ಟರ್ಮಿನಲ್ ಮೇಲೆ ಹಿಡಿದುಕೊಂಡು, ಇನ್ನೊಬ್ಬರಿಂದ ಕೀಲಿ ತಿರುಗಿಸಿ ಸೆಲ್ಫ್ ಹೊಡೆಸಿ. ಎಂಜಿನ್ ತಿರುಗುವ ಆ ಎರಡು ಮೂರು ಸೆಕೆಂಡುಗಳಲ್ಲಿ ಸಂಖ್ಯೆ 9.6 ವೋಲ್ಟ್‌ಗಿಂತ ಮೇಲೆಯೇ ಉಳಿದರೆ ಬ್ಯಾಟರಿಗೆ ಶಕ್ತಿಯಿದೆ. ಎಂಟಕ್ಕೋ ಏಳಕ್ಕೋ ಕುಸಿದರೆ ಒಳಗೆ ಸತ್ವ ಉಳಿದಿಲ್ಲ, ಇಲ್ಲವೇ ಸೆಲ್ಫ್ ಮೋಟಾರ್ ಅತಿಯಾಗಿ ಎಳೆಯುತ್ತಿದೆ. ಯಾವುದೆಂದು ಅನುಮಾನವಿದ್ದರೆ ಖಂಡಿತ ಚೆನ್ನಾಗಿರುವ ಮತ್ತೊಂದು ಬ್ಯಾಟರಿಯಿಂದ ಇದೇ ಪರೀಕ್ಷೆ ಮಾಡಿ ಹೋಲಿಸಿ.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ದ್ರವದ ಮಟ್ಟ ನೋಡಿ. ಫಲಕಗಳು ಗಾಳಿಗೆ ತೆರೆದುಕೊಂಡಿರಬಾರದು. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ; ನಲ್ಲಿಯ ನೀರಿನಲ್ಲಿರುವ ಖನಿಜಗಳು ಫಲಕಗಳಿಗೆ ವಿಷ. ಮತ್ತೆ ಆಮ್ಲ ಸುರಿಯುವುದಂತೂ ತಪ್ಪು, ಆವಿಯಾಗಿ ಹೋಗಿರುವುದು ನೀರೇ ಹೊರತು ಆಮ್ಲವಲ್ಲ. ಫಲಕ ಮುಳುಗುವಷ್ಟು ಹಾಕಿ ಚಾರ್ಜ್ ಮಾಡಿ, ಆಮೇಲೆ ಗುರುತಿನವರೆಗೆ ತುಂಬಿಸಿ. ಹೈಡ್ರೋಮೀಟರ್ ಇದ್ದರೆ ತುಂಬಿದ ಕೋಶಗಳಲ್ಲಿ ಸಾಂದ್ರತೆ 1.265ರ ಆಸುಪಾಸು ಇರಬೇಕು. ಯಾವುದಾದರೂ ಒಂದು ಕೋಶ ಉಳಿದವುಗಳಿಗಿಂತ 0.050ರಷ್ಟು ಹಿಂದೆ ಬಿದ್ದಿದ್ದರೆ ಬ್ಯಾಟರಿ ಹೆಚ್ಚು ದಿನ ಬಾಳುವುದಿಲ್ಲ.

ಎಂಜಿನ್ ಓಡುವಾಗ ಚಾರ್ಜ್ ಆಗುತ್ತಿದೆಯೇ?

ನನ್ನ ಅನುಭವದಲ್ಲಿ ಜನ ನೋಡದೆ ಬಿಡುವುದು ಈ ಭಾಗವನ್ನು. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಎಂಜಿನ್‌ನ ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಒಳಗೆ ಅಯಸ್ಕಾಂತಗಳಿವೆ. ಅವುಗಳ ನಡುವೆ ಅಲುಗದೆ ಕುಳಿತ ತಾಮ್ರದ ಸುರುಳಿಗಳ ಚಕ್ರವೇ ಸ್ಟೇಟರ್. ಫ್ಲೈವೀಲ್ ತಿರುಗಿದಾಗ ಸ್ಟೇಟರ್‌ನಲ್ಲಿ ಎ.ಸಿ. ವಿದ್ಯುತ್ ಹುಟ್ಟುತ್ತದೆ. ಅದನ್ನು ಡಿ.ಸಿ.ಗೆ ಬದಲಾಯಿಸಿ, ಅಳತೆಯಲ್ಲಿ ಬ್ಯಾಟರಿಗೆ ಕಳುಹಿಸುವುದು ರೆಗ್ಯುಲೇಟರ್. ಬೆಳ್ಳಿ ಬಣ್ಣದ, ಗೀರುಗೀರಾದ ರೆಕ್ಕೆಗಳಿರುವ ಸಣ್ಣ ಅಲ್ಯೂಮಿನಿಯಂ ಪೆಟ್ಟಿಗೆ ಅದು; ಎಂಜಿನ್‌ನ ಹೊರ ಹೊದಿಕೆಯ ಮೇಲೆ ಬಿಗಿದಿರುತ್ತದೆ.

ಮೋವರನ್ನು ಬಯಲಿನಲ್ಲಿ ನಿಲ್ಲಿಸಿ, ಬ್ಲೇಡು ಬಂದ್ ಮಾಡಿ, ಬ್ರೇಕ್ ಹಾಕಿ. ಮೊದಲು ಎಂಜಿನ್ ಆರಿರುವಾಗ ಬ್ಯಾಟರಿಯ ವೋಲ್ಟೇಜ್ ಬರೆದುಕೊಳ್ಳಿ. ಬಳಿಕ ಎಂಜಿನ್ ಹಚ್ಚಿ, ಥ್ರಾಟಲ್ ಪೂರ್ತಿ ಮೇಲಕ್ಕೆ ಎಳೆದು, ಒಂದೆರಡು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. 13.5ರಿಂದ 14.7ರ ನಡುವೆ ಬಂದರೆ ಚಾರ್ಜಿಂಗ್ ಸರಿಯಾಗಿದೆ. ಮೊದಲಿನಷ್ಟೇ ಇದ್ದರೆ ಅಥವಾ ಇನ್ನೂ ಇಳಿಯುತ್ತಿದ್ದರೆ ಚಾರ್ಜ್ ಬರುತ್ತಿಲ್ಲ. 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ. ಕೊಳೆತ ಮೊಟ್ಟೆಯಂಥ ವಾಸನೆ, ಪದೇ ಪದೇ ಇಳಿಯುವ ನೀರಿನ ಮಟ್ಟ ಇದರ ಗುರುತು.

ಪರೀಕ್ಷೆಗೆಂದು ಸೀಟಿನ ಕೆಳಗಿನ ಸುರಕ್ಷತಾ ಸ್ವಿಚ್ಚನ್ನು ಕಟ್ಟಿಹಾಕಬೇಡಿ. ಬ್ರೇಕ್ ಹಾಕಿ ಬ್ಲೇಡು ಬಂದ್ ಇದ್ದರೆ ಸಾಮಾನ್ಯವಾಗಿ ಸೀಟಿನಿಂದ ಎದ್ದರೂ ಎಂಜಿನ್ ಓಡುತ್ತಿರುತ್ತದೆ. ಓಡುತ್ತಿರುವಾಗ ಬ್ಯಾಟರಿಯ ಕೇಬಲ್ ಬಿಚ್ಚಿ ನೋಡುವ ಹಳೆಯ ಪದ್ಧತಿಯನ್ನೂ ಬಿಟ್ಟುಬಿಡಿ. ಆಗ ಏರುವ ವೋಲ್ಟೇಜಿಗೆ ಒಳ್ಳೆಯ ರೆಗ್ಯುಲೇಟರ್ ಕೂಡ ಸುಟ್ಟುಹೋಗುತ್ತದೆ.

ಚಾರ್ಜ್ ಬರುತ್ತಿಲ್ಲವಾದರೆ ಮೊದಲು ಫ್ಯೂಸ್. ಕಣ್ಣಿಗೆ ಸರಿ ಕಂಡರೂ ಹೊರತೆಗೆದು ಮೀಟರ್‌ನಲ್ಲಿ ನೋಡಿ, ಅದು ಕೂರುವ ಗೂಡಿನ ತುಕ್ಕನ್ನೂ ಗಮನಿಸಿ. ನಂತರ ರೆಗ್ಯುಲೇಟರ್‌ನ ಅರ್ತ್. ಇದರ ಲೋಹದ ಮೈಯೇ ಅದರ ನೆಗೆಟಿವ್ ತಂತಿ. ಬೋಲ್ಟಿನ ಕೆಳಗೆ ತುಕ್ಕೋ ಬಣ್ಣವೋ ಇದ್ದರೆ ಮಂಡಲ ಪೂರ್ಣವಾಗುವುದಿಲ್ಲ. ಎಂಜಿನ್ ಓಡುತ್ತಿರುವಾಗ ರೆಗ್ಯುಲೇಟರ್‌ನ ಮೈಗೆ ಒಂದು ಕಡ್ಡಿ, ಬ್ಯಾಟರಿಯ ನೆಗೆಟಿವ್‌ಗೆ ಇನ್ನೊಂದು ಕಡ್ಡಿ ಹಿಡಿಯಿರಿ: ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ಕಂಡರೂ ಅಲ್ಲಿ ಉಜ್ಜುವ ಕೆಲಸವಿದೆ. ನನ್ನ ಮೋವರ್‌ನಲ್ಲಿ ಈ ಒಂದು ಅಳತೆಯನ್ನು ಮೊದಲೇ ಮಾಡಿದ್ದರೆ ಎರಡು ಬ್ಯಾಟರಿಯ ಹಣ ಉಳಿಯುತ್ತಿತ್ತು.

ಹಲವು ಎಂಜಿನ್‌ಗಳ ರೆಗ್ಯುಲೇಟರ್‌ಗೆ ಮೂರು ಕಾಲುಗಳಿವೆ. ಎರಡು ಬದಿಯವು ಸ್ಟೇಟರ್‌ನಿಂದ ಬರುವ ಎ.ಸಿ., ನಡುವಿನದು ಬ್ಯಾಟರಿಗೆ ಹೋಗುವುದು. ಕೀಲಿ ಆನ್ ಇಟ್ಟು ನಡುವಿನ ವೈರಿನಲ್ಲಿ ಬ್ಯಾಟರಿಯ ವೋಲ್ಟೇಜ್ ಬರುತ್ತಿದೆಯೇ ನೋಡಿ. ಬಾರದಿದ್ದರೆ ದಾರಿಯಲ್ಲಿ ಎಲ್ಲೋ ವೈರ್ ತುಂಡಾಗಿದೆ ಅಥವಾ ಕೀಲಿ ಸ್ವಿಚ್ಚಿನ ಹಿಂಬದಿಯ ಕನೆಕ್ಟರ್ ಸಡಿಲವಾಗಿದೆ, ಕೆಲವೊಮ್ಮೆ ಕರಗಿಯೂ ಇರುತ್ತದೆ. ಇಲಿಗಳು ವೈರ್ ಕಡಿದಿರುವುದೂ ಅಪರೂಪವಲ್ಲ. ಗಮನಿಸಬೇಕಾದ ಇನ್ನೊಂದು ಸಂಗತಿ: ಇಂಥ ಅನೇಕ ರೆಗ್ಯುಲೇಟರ್‌ಗಳು ಬ್ಯಾಟರಿಯಲ್ಲಿ ಒಂದಿಷ್ಟು ವೋಲ್ಟೇಜ್ ಇದ್ದರೆ ಮಾತ್ರ ಕೆಲಸ ಆರಂಭಿಸುತ್ತವೆ. ಪೂರ್ತಿ ಸತ್ತ ಬ್ಯಾಟರಿ ಇಟ್ಟುಕೊಂಡು ಪರೀಕ್ಷಿಸಿದರೆ ಒಳ್ಳೆಯ ರೆಗ್ಯುಲೇಟರ್ ಕೂಡ ಕೆಟ್ಟಂತೆ ಕಾಣುತ್ತದೆ.

ಕೊನೆಗೆ ಸ್ಟೇಟರ್. ಎಂಜಿನ್ ಆರಿಸಿ, ರೆಗ್ಯುಲೇಟರ್‌ನ ಪ್ಲಗ್ ಬಿಚ್ಚಿ, ಮೀಟರನ್ನು ಎ.ಸಿ. ವೋಲ್ಟ್‌ಗೆ ಬದಲಾಯಿಸಿ, ಎರಡು ಎ.ಸಿ. ವೈರ್‌ಗಳಿಗೆ ಕಡ್ಡಿಗಳನ್ನು ಜೋಡಿಸಿ. ಎಂಜಿನ್ ಹಚ್ಚಿ ಪೂರ್ತಿ ಥ್ರಾಟಲ್ ಕೊಟ್ಟಾಗ ಸಾಮಾನ್ಯವಾಗಿ 25 ವೋಲ್ಟ್‌ಗಿಂತ ಹೆಚ್ಚು ಬರಬೇಕು. ಸರಿಯಾದ ಸಂಖ್ಯೆ ನಿಮ್ಮ ಎಂಜಿನ್‌ನ ಕೈಪಿಡಿಯಲ್ಲಿದೆ. ಎ.ಸಿ. ಚೆನ್ನಾಗಿ ಬಂದು, ಅರ್ತ್ ಮತ್ತು ವೈರ್ ಸರಿಯಿದ್ದೂ ಬ್ಯಾಟರಿಗೆ ಚಾರ್ಜ್ ಇಲ್ಲವೆಂದರೆ ರೆಗ್ಯುಲೇಟರ್ ಬದಲಾಯಿಸಬೇಕು. ಎ.ಸಿ.ಯೇ ಬರದಿದ್ದರೆ ಸ್ಟೇಟರ್ ಹೋಗಿದೆ. ಅದಕ್ಕೆ ಫ್ಲೈವೀಲ್ ಕಳಚಬೇಕಾಗುತ್ತದೆ. ಅದನ್ನು ಎಳೆಯುವ ಸಾಧನ ಮತ್ತು ಅಭ್ಯಾಸ ಇಲ್ಲದವರು ಮೆಕ್ಯಾನಿಕ್‌ಗೆ ಒಪ್ಪಿಸುವುದು ಒಳ್ಳೆಯದು.

ಕೆಲವು ಸಣ್ಣ ಎಂಜಿನ್‌ಗಳಲ್ಲಿ ರೆಗ್ಯುಲೇಟರೇ ಇರುವುದಿಲ್ಲ. ಸ್ಟೇಟರ್‌ನ ವೈರಿನಲ್ಲಿ, ಹೊದಿಕೆಯ ಒಳಗೆ ಗಂಟಿನಂತೆ ಕಾಣುವ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಇರುತ್ತದೆ. ಅದು ಕೊಡುವುದು ಸುಮಾರು 3 ಆಂಪಿಯರ್ ಮಾತ್ರ. ಮೀಟರ್‌ನ ಡಯೋಡ್ ಗುರುತಿನಲ್ಲಿ ಇಟ್ಟು ಎರಡೂ ದಿಕ್ಕಿನಲ್ಲಿ ಅಳೆಯಿರಿ: ಒಂದು ದಿಕ್ಕಿನಲ್ಲಿ 0.5ರಿಂದ 0.7, ಇನ್ನೊಂದು ದಿಕ್ಕಿನಲ್ಲಿ ಏನೂ ಬರಬಾರದು. ಎರಡೂ ಕಡೆ ಬಂದರೆ ಡಯೋಡ್ ಶಾರ್ಟ್, ಎರಡೂ ಕಡೆ ಬಾರದಿದ್ದರೆ ತುಂಡು.

ಆದಾಯಕ್ಕಿಂತ ಖರ್ಚು ಹೆಚ್ಚಾದಾಗ

ಎಲ್ಲವೂ ಸರಿಯಿದ್ದು ಬ್ಯಾಟರಿ ಇಳಿಯುವ ಸಂದರ್ಭವೂ ಇದೆ. ಸೆಲ್ಫ್ 100 ಆಂಪಿಯರ್‌ನಂತೆ ಐದು ಸೆಕೆಂಡು ಎಳೆದರೂ ಹೋಗುವುದು ಸುಮಾರು 0.14 ಆಂಪಿಯರ್-ಗಂಟೆ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಗಂಟೆ). 3 ಆಂಪಿಯರ್‌ನ ಚಾರ್ಜಿಂಗ್ ಅದನ್ನು ಮೂರು ನಾಲ್ಕು ನಿಮಿಷದಲ್ಲಿ ತೀರಿಸುತ್ತದೆ. ಹಾಗಾಗಿ ಸ್ಟಾರ್ಟ್ ಮಾಡುವುದು ದೊಡ್ಡ ಖರ್ಚಲ್ಲ. ಆದರೆ ಬ್ಲೇಡನ್ನು ವಿದ್ಯುತ್ ಕ್ಲಚ್ ಹಿಡಿದಿರುವ ಮೋವರ್‌ನಲ್ಲಿ ಆ ಕ್ಲಚ್ ಒಂದೇ 4 ಆಂಪಿಯರ್‌ನಷ್ಟು ಎಳೆಯಬಹುದು. ಹೆಡ್‌ಲೈಟಿನ ಹಳೆಯ ಬಲ್ಬುಗಳೂ ಹಾಗೆಯೇ. ಅಂಥ ಯಂತ್ರಗಳಿಗೆ ಕಂಪನಿ ದೊಡ್ಡ ಚಾರ್ಜಿಂಗ್ ವ್ಯವಸ್ಥೆಯನ್ನೇ ಕೊಟ್ಟಿರುತ್ತದೆ; ಆದರೆ ಥ್ರಾಟಲ್ ಅರ್ಧಕ್ಕಿಳಿಸಿ ಕೊಯ್ದರೆ ಉತ್ಪಾದನೆ ಇಳಿದು ಬ್ಯಾಟರಿ ಗಂಟೆಗಂಟೆಗೂ ಸಾಲ ಕೊಡುತ್ತಾ ಹೋಗುತ್ತದೆ. ಹುಲ್ಲು ಕೊಯ್ಯುವಾಗ ಥ್ರಾಟಲ್ ಪೂರ್ತಿ ಮೇಲಿರಲಿ. ಎಂಜಿನ್ ತಣ್ಣಗಿರುವುದಕ್ಕೂ ಬ್ಲೇಡು ಚೆನ್ನಾಗಿ ಕತ್ತರಿಸುವುದಕ್ಕೂ ಅದೇ ಸರಿ. ಹೆಚ್ಚಿನ ದೀಪಗಳನ್ನು ನೀವಾಗಿ ಸೇರಿಸಿದ್ದರೆ ಅವುಗಳ ಲೆಕ್ಕವನ್ನೂ ಹಾಕಿ.

ಸೆಲ್ಫ್ ಒದ್ದಾಡುವ ಎಂಜಿನ್ ಕೂಡ ಬ್ಯಾಟರಿಯನ್ನು ಹಿಂಡುತ್ತದೆ. ಕೀಲಿ ತಿರುಗಿಸಿದರೆ ಎಂಜಿನ್ ಅರ್ಧ ಸುತ್ತು ಬಂದು ಗಕ್ಕನೆ ನಿಂತು, ಮತ್ತೆ ತಳ್ಳಿಕೊಂಡು ಹೋಗುತ್ತದೆಯೇ? ಎಲ್ಲರೂ ಬ್ಯಾಟರಿ ಬಲಹೀನ ಎನ್ನುತ್ತಾರೆ. ನನ್ನ ಮಾತು ಕೇಳಿ, ವಾಲ್ವ್ ಅಂತರ (ವಾಲ್ವ್‌ಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು) ನೋಡಿಸಿ. ಈ ಎಂಜಿನ್‌ಗಳಲ್ಲಿ ಸ್ಟಾರ್ಟ್ ಆಗುವಾಗ ಒಂದು ವಾಲ್ವನ್ನು ಕೊಂಚ ಎತ್ತಿ ಒತ್ತಡ ಇಳಿಸುವ ಏರ್ಪಾಡು, ವಾಲ್ವ್‌ಗಳನ್ನು ಎತ್ತಿಳಿಸುವ ದಂಡವಾದ ಕ್ಯಾಮ್‌ಶಾಫ್ಟ್‌ನಲ್ಲಿದೆ. ಸವೆದು ವಾಲ್ವ್ ಅಂತರ ಹೆಚ್ಚಿದರೆ ಆ ಸಣ್ಣ ಎತ್ತುವಿಕೆ ವಾಲ್ವ್‌ಗೆ ತಲುಪುವುದೇ ಇಲ್ಲ. ಸೆಲ್ಫ್ ಪೂರ್ತಿ ಒತ್ತಡದ ವಿರುದ್ಧ ತಿರುಗಬೇಕಾಗುತ್ತದೆ. ಎಂಜಿನ್ ತಣ್ಣಗಿರುವಾಗ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಇಟ್ಟು, ಕೈಪಿಡಿಯಲ್ಲಿ ಕೊಟ್ಟ ಅಂತರಕ್ಕೆ ತಂದರೆ ಅದೇ ಬ್ಯಾಟರಿ ಸಲೀಸಾಗಿ ತಿರುಗಿಸುತ್ತದೆ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡುವು ಕೊಡಿ.

ಸೋರಿಕೆ ಹುಡುಕುವುದು

ಕೀಲಿ ಆರಿಸಿ ಕೈಯಲ್ಲಿಟ್ಟುಕೊಳ್ಳಿ. ನೆಗೆಟಿವ್ ಕೇಬಲ್ ಬಿಚ್ಚಿ. ಮೀಟರ್‌ನ ಕೆಂಪು ಕಡ್ಡಿಯ ತುದಿಯನ್ನು 10 ಆಂಪಿಯರ್ ರಂಧ್ರಕ್ಕೆ ಬದಲಾಯಿಸಿ, ಬಿಚ್ಚಿದ ಕೇಬಲ್‌ಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮೀಟರನ್ನು ಸೇತುವೆಯಂತೆ ಜೋಡಿಸಿ. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ ಮೀಟರ್ ಸುಡುತ್ತದೆ. ಹಾಗಾಗಿಯೇ ಕೀಲಿ ಕೈಯಲ್ಲಿರಬೇಕು.

ಸರಳ ಮೋವರ್‌ನಲ್ಲಿ ಕೀಲಿ ಆರಿದ ಮೇಲೆ ಸೊನ್ನೆಯ ಆಸುಪಾಸು ಇರಬೇಕು. ಗಂಟೆ ಎಣಿಸುವ ಮೀಟರ್ ಅಥವಾ ಎಲೆಕ್ಟ್ರಾನಿಕ್ ಫಲಕ ಇದ್ದರೆ ಕೆಲವು ಮಿಲಿಆಂಪಿಯರ್ ಕಾಣಬಹುದು. 50 ಮಿಲಿಆಂಪಿಯರ್ ಕಂಡರೆ ದಿನಕ್ಕೆ 1.2 ಆಂಪಿಯರ್-ಗಂಟೆ ಹೋಗುತ್ತಿದೆ. 20 ಆಂಪಿಯರ್-ಗಂಟೆಯ ಬ್ಯಾಟರಿ ಎಂಟು ದಿನದಲ್ಲಿ ಅರ್ಧ ಖಾಲಿ. ವಾರಕ್ಕೊಮ್ಮೆ ಹುಲ್ಲು ಕೊಯ್ಯುವವರ ಬ್ಯಾಟರಿ ಪ್ರತಿ ಸಲ ‘ಏನೋ ಸ್ವಲ್ಪ ಮಂದ’ ಎನಿಸುವುದು ಇದರಿಂದಲೇ.

ಸಂಖ್ಯೆ ಕಾಣುತ್ತಿರುವಾಗಲೇ ಒಂದೊಂದನ್ನೇ ಬಿಚ್ಚುತ್ತಾ ಬನ್ನಿ: ಮೊದಲು ಫ್ಯೂಸ್, ನಂತರ ರೆಗ್ಯುಲೇಟರ್‌ನ ಪ್ಲಗ್, ಆಮೇಲೆ ಕೀಲಿ ಸ್ವಿಚ್ಚಿನ ಕನೆಕ್ಟರ್. ಯಾವುದನ್ನು ಬಿಚ್ಚಿದಾಗ ಮೀಟರ್ ಸೊನ್ನೆಗೆ ಬೀಳುತ್ತದೋ ಸೋರಿಕೆ ಆ ದಾರಿಯಲ್ಲಿದೆ. ರೆಗ್ಯುಲೇಟರ್‌ನ ಒಳಗಿನ ಡಯೋಡ್ ಶಾರ್ಟ್ ಆಗಿದ್ದರೆ ಬ್ಯಾಟರಿಯ ವಿದ್ಯುತ್ ಹಿಂದಕ್ಕೆ ಸ್ಟೇಟರ್ ಮೂಲಕ ಹರಿದುಹೋಗುತ್ತಿರುತ್ತದೆ.

ಯಾವ ಸೋರಿಕೆಯೂ ಸಿಗದಿದ್ದರೆ ಕೀಲಿಯ ಅಭ್ಯಾಸವನ್ನು ಗಮನಿಸಿ. ಪೆಟ್ರೋಲ್ ಮುಗಿದು ಅಥವಾ ಸೀಟಿನಿಂದ ಇಳಿದು ಎಂಜಿನ್ ತಾನಾಗಿ ನಿಂತರೆ, ಕೀಲಿಯನ್ನು ಆರಿಸುವುದು ಮರೆತುಹೋಗುತ್ತದೆ. ಆಗ ಕಾರ್ಬ್ಯುರೇಟರ್‌ನ ಇಂಧನ ಸೊಲೆನಾಯ್ಡ್ (ಪೆಟ್ರೋಲನ್ನು ಬಿಡುವ, ತಡೆಯುವ ವಿದ್ಯುತ್ ಕವಾಟ) ರಾತ್ರಿಯಿಡೀ ವಿದ್ಯುತ್ ಕುಡಿಯುತ್ತಿರುತ್ತದೆ. ಗಂಟೆ ಎಣಿಸುವ ಮೀಟರ್ ಇದ್ದರೆ ಅದೇ ಸಾಕ್ಷಿ ಹೇಳುತ್ತದೆ: ಒಂದು ಗಂಟೆ ಕೊಯ್ದ ದಿನದ ಮರುದಿನ ಅದು ಹನ್ನೆರಡು ಗಂಟೆ ಮುಂದೆ ಹೋಗಿದ್ದರೆ ಬೇರೆ ತನಿಖೆ ಬೇಡ.

ಚಾರ್ಜ್ ಮಾಡುವ ಕ್ರಮ

ಮೋವರ್‌ನ ಚಾರ್ಜಿಂಗ್ ವ್ಯವಸ್ಥೆ ಇರುವುದು ಇದ್ದದ್ದನ್ನು ಕಾಪಾಡಲು. ಬರಿದಾದ ಬ್ಯಾಟರಿಯನ್ನು ತುಂಬಿಸಲು ಅಲ್ಲ. ಕಾರಿನಿಂದ ಕೇಬಲ್ ಹಾಕಿ ಎಬ್ಬಿಸಿ, ಅರ್ಧ ಗಂಟೆ ಓಡಿಸಿ, ‘ಈಗ ತುಂಬಿರುತ್ತದೆ’ ಎಂದು ನಿಲ್ಲಿಸಿದರೆ ಮರುದಿನ ಅದೇ ಕಥೆ. ಪ್ರತಿ ಸಲ ಹೀಗೆ ಅರೆಹೊಟ್ಟೆಯಲ್ಲಿ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಕೊನೆಗೆ ನಿಜವಾಗಿಯೂ ಬ್ಯಾಟರಿ ಹಾಳಾಗುತ್ತದೆ. ಸಣ್ಣ ವೈರ್ ದೋಷವೊಂದು ಒಳ್ಳೆಯ ಬ್ಯಾಟರಿಯನ್ನು ಕೊಲ್ಲುವುದು ಹೀಗೆ.

ಕೇಬಲ್ ಹಾಕಿಯೇ ಎಬ್ಬಿಸಬೇಕಾದರೆ ಕಾರಿನ ಎಂಜಿನ್ ಆರಿರಲಿ. ಕೊನೆಯ ಕಪ್ಪು ಕ್ಲಿಪ್ಪನ್ನು ಸತ್ತ ಬ್ಯಾಟರಿಯ ಮೇಲಲ್ಲ, ಮೋವರ್ ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ ಹಾಕಿ. ಪಾಸಿಟಿವ್-ನೆಗೆಟಿವ್ ಅದಲುಬದಲಾದರೆ ರೆಗ್ಯುಲೇಟರ್ ಹೋಯಿತೆಂದೇ ಲೆಕ್ಕ.

ಮೋವರ್ ಬ್ಯಾಟರಿಗೆ 2 ಆಂಪಿಯರ್‌ನ ಸ್ವಯಂಚಾಲಿತ ಚಾರ್ಜರ್ ಸರಿಯಾದ ಜೊತೆ. ಪೂರ್ತಿ ಇಳಿದದ್ದು ತುಂಬಲು ಒಂದು ರಾತ್ರಿ ಹಿಡಿಯುತ್ತದೆ, ಹಿಡಿಯಲಿ. ಕಾರಿನ ದೊಡ್ಡ ಚಾರ್ಜರನ್ನು 10 ಆಂಪಿಯರ್‌ಗೆ ಇಟ್ಟರೆ ಸಣ್ಣ ಬ್ಯಾಟರಿ ಬಿಸಿಯಾಗಿ ನೀರು ಕಳೆದುಕೊಳ್ಳುತ್ತದೆ. ತೀರಾ ಕೆಳಗಿಳಿದ ಬ್ಯಾಟರಿಯನ್ನು ಕೆಲವು ಹೊಸ ಚಾರ್ಜರ್‌ಗಳು ಗುರುತಿಸುವುದೇ ಇಲ್ಲ. ಅದನ್ನು ಕಂಡು ಚಾರ್ಜರ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಹೊಸದು ಬೇಕೇ ಬೇಕಾದರೆ, ಮತ್ತು ನಿಲ್ಲಿಸಿಡುವ ತಿಂಗಳುಗಳು

ಕೊಳ್ಳುವಾಗ ಟರ್ಮಿನಲ್‌ಗಳ ದಿಕ್ಕು ನೋಡಿ. ಬಹಳಷ್ಟು ಮೋವರ್‌ಗಳಿಗೆ ‘ಯು1’ ಎಂಬ ಗಾತ್ರ; ಅದರಲ್ಲಿ ಪಾಸಿಟಿವ್ ಎಡಕ್ಕಿರುವುದೂ ಬಲಕ್ಕಿರುವುದೂ ಎರಡೂ ಬರುತ್ತವೆ. ತಪ್ಪಾದದ್ದನ್ನು ತಂದರೆ ಕೇಬಲ್ ಎಳೆದು ತಿರುಚಬೇಕಾಗುತ್ತದೆ. ತಯಾರಾದ ತಿಂಗಳು ನೋಡಿ, ಅಲ್ಲಿಯೇ ವೋಲ್ಟ್ ಅಳೆಸಿ, 12.4ಕ್ಕಿಂತ ಕೆಳಗಿದ್ದರೆ ಅದು ಕಪಾಟಿನಲ್ಲಿ ಬಹುಕಾಲ ಕುಳಿತದ್ದು, ಬೇಡವೆನ್ನಿ.

ಹುಲ್ಲು ಬೆಳೆಯದ ತಿಂಗಳುಗಳಲ್ಲಿ ಮೋವರ್ ಸುಮ್ಮನೆ ನಿಂತಾಗ ಬ್ಯಾಟರಿ ತಾನಾಗಿಯೂ ನಿಧಾನವಾಗಿ ಇಳಿಯುತ್ತದೆ, ಬಿಸಿ ಇದ್ದಷ್ಟೂ ಬೇಗ. ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ಕೇಬಲ್ ಬಿಚ್ಚಿಡಿ, ಇಲ್ಲವೇ ಬ್ಯಾಟರಿಯನ್ನೇ ಹೊರತೆಗೆದು ತಂಪಾದ ಒಣ ಜಾಗದಲ್ಲಿಡಿ. ಹಿಮ ಬೀಳುವ ಕಡೆ ಇದು ಇನ್ನೂ ಮುಖ್ಯ: ತುಂಬಿದ ಬ್ಯಾಟರಿ ಕಡು ಚಳಿಯನ್ನೂ ತಡೆಯುತ್ತದೆ, ಬರಿದಾದದ್ದರೊಳಗಿನ ದ್ರವ ಬಹುಪಾಲು ನೀರೇ ಆಗಿರುವುದರಿಂದ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಡಬ್ಬಿ ಒಡೆಯುತ್ತದೆ. ತಿಂಗಳಿಗೊಮ್ಮೆ ಮೀಟರ್ ಹಿಡಿದು, 12.4ಕ್ಕೆ ಬಂದರೆ ಮತ್ತೆ ಚಾರ್ಜ್‌ಗೆ ಹಾಕಿ. ಬ್ಯಾಟರಿಯ ಮೇಲೆ ಒಂದು ಪಟ್ಟಿ ಅಂಟಿಸಿ, ದಿನಾಂಕ ಮತ್ತು ವೋಲ್ಟ್ ಬರೆದಿಡುವುದು ನನ್ನ ರೂಢಿ. ಆ ಅಂಕಿಗಳು ತಿಂಗಳಿಂದ ತಿಂಗಳಿಗೆ ಬೇಗ ಬೇಗ ಇಳಿಯತೊಡಗಿದರೆ, ಹಂಗಾಮು ಆರಂಭವಾಗುವ ಮೊದಲೇ ಹೊಸ ಬ್ಯಾಟರಿ ಬೇಕೆಂದು ತಿಳಿದುಹೋಗುತ್ತದೆ.